ಆಟ, ಜಾತ್ರೆ, ಪಂದ್ಯ ನೋಡಲು ಉತ್ತರ ಕನ್ನಡಕ್ಕೆ ಬರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೀಚು, ಫಾಲ್ಸು ನೋಡಿಕೊಂಡು ಹೋಗುವವರ ಜೊತೆಗೆ ಈಗ ‘ಒಂದು ಬಯಲಾಟ ನೋಡಬೇಕು’, ‘ಶಿರಸಿ ಜಾತ್ರೆಗೆ ಬರಬೇಕು’, ‘ಕಾರವಾರದಲ್ಲಿ ಉಳಿದು ಗೋವಾದಲ್ಲಿ ಮ್ಯಾಚ್ ನೋಡಬೇಕು’ ಅಂತ ಕೇಳುವವರೂ ಬಹಳ ಜನ. ಕೇಳಿದವರ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇವೆ. ಸುಲಭದ್ದು ಮೊದಲು, ತೊಡಕಿನದ್ದು ಆಮೇಲೆ. ನಮ್ಮ ಕಡೆ ‘ಆಟ’ ಅಂದರೆ ಯಕ್ಷಗಾನದ ಬಯಲಾಟ.

## ಮೊದಲ ಸಲ ಬರುವವರಿಗೆ

ಮೊದಲು ಊರು ಆರಿಸ್ಬೇಕೋ, ಕಾರ್ಯಕ್ರಮ ಆರಿಸ್ಬೇಕೋ?

ಕಾರ್ಯಕ್ರಮ. ಯಾಣದ ಬಂಡೆ ನಾಳೆಯೂ ಅಲ್ಲೇ ಇರುತ್ತದೆ, ಆಟ ಮಾತ್ರ ಒಂದೇ ರಾತ್ರಿ. ಮೊದಲು ಕಾರ್ಯಕ್ರಮದ ದಿನ ಖಚಿತ ಮಾಡಿಕೊಳ್ಳಿ. ಆಮೇಲೆ ಅದೇ ಊರಲ್ಲಿ, ಇಲ್ಲವೇ ಇಪ್ಪತ್ತು ಕಿಲೋಮೀಟರ್ ಒಳಗೆ ರೂಮು ಹಿಡಿಯಿರಿ. ನೋಡುವ ಜಾಗಗಳನ್ನು ಕೊನೆಗೆ ಸೇರಿಸಿಕೊಂಡರಾಯಿತು.

ಹೆಚ್ಚಿನವರು ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಗೋಕರ್ಣದಲ್ಲಿ ಮೂರು ರಾತ್ರಿಗೆ ರೂಮು ಬುಕ್ ಮಾಡಿ, ಆಮೇಲೆ ಸಿದ್ದಾಪುರದ ಆಟಕ್ಕೆ ಹೋಗಿಬರುತ್ತೇವೆ ಅನ್ನುತ್ತಾರೆ. ನಮ್ಮಲ್ಲಿ ನೋಡುವಂಥದ್ದೆಲ್ಲ ರಾತ್ರಿ ನಡೆಯುವುದು. ಬೆಳಗಿನ ಜಾವ ಮೂರಕ್ಕೆ ನಿದ್ದೆಗಣ್ಣಲ್ಲಿ ಘಟ್ಟ ಇಳಿಯುವುದು ಅಪಾಯ. ಕಾರ್ಯಕ್ರಮದ ಊರಲ್ಲೇ ಮಲಗಿ ಎನ್ನುವುದು ಇದಕ್ಕೇ.

ಯಾವ ತಿಂಗಳು ಬಂದ್ರೆ ಏನು ಸಿಗ್ತದೆ?

ದೀಪಾವಳಿ ದಾಟಿದ ಮೇಲೆ ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡುತ್ತವೆ. ಮೇ ಕೊನೆಯವರೆಗೂ ಆಟ ಇರುತ್ತದೆ. ಡಿಸೆಂಬರ್‌ನಿಂದ ಹೊನಲು ಬೆಳಕಿನ ಕಬಡ್ಡಿ, ವಾಲಿಬಾಲ್ ಪಂದ್ಯಾವಳಿಗಳು ಶುರು. ಪುಷ್ಯದ ಹುಣ್ಣಿಮೆಗೆ, ಅಂದರೆ ಹೆಚ್ಚಾಗಿ ಜನವರಿಯಲ್ಲಿ, ಕಾರವಾರದೆದುರಿನ ಕೂರ್ಮಗಡ ದ್ವೀಪದಲ್ಲಿ ನರಸಿಂಹ ಜಾತ್ರೆ. ಶಿವರಾತ್ರಿಯ ಸುಮಾರಿಗೆ ಗೋಕರ್ಣದ ತೇರು. ಅದೇ ಹೊತ್ತಿಗೆ ಘಟ್ಟದ ಮೇಲೆ ಆಲೆಮನೆಗಳು ನಡೆಯುತ್ತಿರುತ್ತವೆ, ಕಬ್ಬಿನ ಹಾಲು, ಮಿರ್ಚಿ ಭಜಿ ಎರಡೂ ಸಿಗುತ್ತವೆ. ಫೆಬ್ರವರಿ–ಮಾರ್ಚ್‌ನಲ್ಲಿ ಶಿರಸಿ ಜಾತ್ರೆ ಅಥವಾ ಬೇಡರ ವೇಷ. ಒಂದು ವರ್ಷ ಅದು, ಒಂದು ವರ್ಷ ಇದು. ಹೋಳಿಯ ಹೊತ್ತಿಗೆ ಅಂಕೋಲಾ, ಕುಮಟಾ ಕಡೆ ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತ ಮನೆಯಂಗಳಕ್ಕೇ ಬರುತ್ತದೆ. ಮೇ ತಿಂಗಳಲ್ಲಿ ಬುದ್ಧ ಪೂರ್ಣಿಮೆಗೆ ಅಂಕೋಲೆಯ ಬಂಡಿ ಹಬ್ಬ.

ಕಾರವಾರದ ಕರಾವಳಿ ಉತ್ಸವ, ಬನವಾಸಿಯ ಕದಂಬೋತ್ಸವ ಎರಡೂ ಸರ್ಕಾರಿ ಉತ್ಸವ. ಅವುಗಳಿಗೆ ತಿಥಿ ಇಲ್ಲ, ಪ್ರತಿ ವರ್ಷ ಆಗುತ್ತವೆ ಎನ್ನುವ ಖಾತರಿಯೂ ಇಲ್ಲ. ಜಿಲ್ಲಾಡಳಿತ ದಿನ ಘೋಷಿಸುವವರೆಗೆ ರಜೆ ಹಾಕಬೇಡಿ.

ಬೆಂಗಳೂರಿಂದ ರೈಲಲ್ಲಿ ಬರೋದಾದ್ರೆ ಎಲ್ಲಿ ಇಳೀಬೇಕು? ಶಿರಸಿಗೆ ರೈಲು ಇದ್ಯಾ?

ಶಿರಸಿಗೆ ರೈಲಿಲ್ಲ. ಕರಾವಳಿಗಾದರೆ ಪಂಚಗಂಗಾ ಎಕ್ಸ್‌ಪ್ರೆಸ್ ಇದೆ. ಬೆಂಗಳೂರಲ್ಲಿ ಸಂಜೆ ಹತ್ತಿದರೆ ಬೆಳಿಗ್ಗೆ ಭಟ್ಕಳ, ಹೊನ್ನಾವರ, ಕುಮಟಾ, ಅಂಕೋಲಾ ದಾಟಿ ಕಾರವಾರ. ಕಾರ್ಯಕ್ರಮ ಯಾವ ತಾಲೂಕಿನಲ್ಲೋ ಅಲ್ಲೇ ಇಳಿಯಿರಿ, ಕಾರವಾರದವರೆಗೆ ಹೋಗಿ ವಾಪಸ್ ಬರುವುದು ಬೇಡ. ಕಾರವಾರದ ನಿಲ್ದಾಣ ಇರುವುದು ಊರಲ್ಲಲ್ಲ, ಶಿರವಾಡದಲ್ಲಿ. ಪೇಟೆಗೆ ಆಟೋ ಹಿಡಿಯಲೇಬೇಕು. ರಿಸರ್ವೇಶನ್ 60 ದಿನ ಮುಂಚೆ ತೆರೆಯುತ್ತದೆ. ಡಿಸೆಂಬರ್ ಕೊನೆಯ ವಾರಕ್ಕೂ ಶಿವರಾತ್ರಿಗೂ ತೆರೆದ ದಿನವೇ ಮಾಡಿಸಿ.

ಶಿರಸಿಗಾದರೆ ರಾತ್ರಿ ಬಸ್ಸೇ ಸುಲಭ. ರೈಲೇ ಬೇಕೆಂದರೆ ತಾಳಗುಪ್ಪಕ್ಕೆ ಬಂದು ಸಿದ್ದಾಪುರದ ಮೇಲೆ ಬಸ್ಸು, ಅಥವಾ ಕುಮಟಾದಲ್ಲಿ ಇಳಿದು ಘಟ್ಟ ಹತ್ತುವುದು. ಕುಮಟಾ–ಶಿರಸಿ ಸುಮಾರು 60 ಕಿ.ಮೀ.

ಹುಬ್ಬಳ್ಳಿ ಕಡಿಂದ ಕಾರ್‌ನಾಗ ಬರೋರು ಯಾವ ಘಾಟ್ ಹಿಡೀಬೇಕ್ರಿ?

ಅಂಕೋಲಾ, ಕಾರವಾರಕ್ಕೆ ಯಲ್ಲಾಪುರದ ಮೇಲೆ ಅರಬೈಲ್ ಘಟ್ಟ. ಕುಮಟಾ, ಹೊನ್ನಾವರಕ್ಕೆ ಶಿರಸಿಯ ಮೇಲೆ ದೇವಿಮನೆ ಘಟ್ಟ. ಅರಬೈಲಿನಲ್ಲಿ ಲಾರಿಗಳ ಸಾಲು ಜಾಸ್ತಿ. ಒಂದು ಕೆಟ್ಟು ನಿಂತರೆ ಎಲ್ಲರೂ ನಿಂತಂತೆ. ಹಾಗಾಗಿ ಸಂಜೆಯ ಕಾರ್ಯಕ್ರಮ ಇದ್ದರೆ ಮಧ್ಯಾಹ್ನದೊಳಗೆ ಘಟ್ಟ ಇಳಿದುಬಿಡಿ. ದೇವಿಮನೆಯಲ್ಲಿ ರಸ್ತೆ ಕೆಲಸ, ಮಳೆಗಾಲದ ನಿರ್ಬಂಧ ಆಗಾಗ ಇರುತ್ತದೆ. ಹೊರಡುವ ಹಿಂದಿನ ದಿನ ಶಿರಸಿ ಬಸ್ ನಿಲ್ದಾಣಕ್ಕೆ ಫೋನ್ ಮಾಡಿ ‘ಕುಮಟಾ ಬಸ್ಸು ದೇವಿಮನೆ ಮೇಲೇ ಹೋಗ್ತಾ ಇದ್ಯಾ’ ಅಂತ ಕೇಳಿ. ಬಸ್ಸು ಹೋಗುತ್ತಿದ್ದರೆ ಕಾರೂ ಹೋಗುತ್ತದೆ.

ಮೂರೇ ದಿನ ರಜೆ. ಕಾರವಾರ, ಗೋಕರ್ಣ, ಮುರ್ಡೇಶ್ವರ, ಶಿರಸಿ ಎಲ್ಲಾ ಆಗ್ತದ?

ಆಗುವುದಿಲ್ಲ. ಕಾರವಾರದಿಂದ ಮುರ್ಡೇಶ್ವರವೇ ಸುಮಾರು 120 ಕಿ.ಮೀ., ಕಾರವಾರದಿಂದ ಶಿರಸಿಯೂ ಹೆಚ್ಚುಕಮ್ಮಿ ಅಷ್ಟೇ, ಮಧ್ಯೆ ಘಟ್ಟ. ರಾತ್ರಿ ಕಾರ್ಯಕ್ರಮವಿದ್ದರೆ ಮರುದಿನ ಮಧ್ಯಾಹ್ನದವರೆಗೆ ನಿದ್ದೆಗೇ ಬೇಕು, ಅದನ್ನು ಲೆಕ್ಕದಿಂದ ಕಳೆಯಿರಿ.

ಶನಿವಾರ ರಾತ್ರಿ ಹೊನ್ನಾವರ ತಾಲೂಕಿನಲ್ಲಿ ಆಟ ಅಂತಿಟ್ಟುಕೊಳ್ಳಿ. ಶನಿವಾರ ಬೆಳಿಗ್ಗೆ ಹೊನ್ನಾವರದಲ್ಲಿ ಇಳಿದು ಸ್ನಾನ, ತಿಂಡಿ. ಹನ್ನೊಂದರೊಳಗೆ ಅಪ್ಸರಕೊಂಡ, ಕಾಸರಕೋಡ ಬೀಚು ಮುಗಿಸಿ ಊಟ ಮಾಡಿ, ಎರಡರಿಂದ ಆರರವರೆಗೆ ಕಡ್ಡಾಯವಾಗಿ ಮಲಗಿ. ರಾತ್ರಿ ಆಟ. ಭಾನುವಾರ ಮಧ್ಯಾಹ್ನದ ಮೇಲೆ ಇಡಗುಂಜಿ, ಸಂಜೆಗೆ ಮುರ್ಡೇಶ್ವರ. ಅಲ್ಲಿಯ ಶಿವನ ಮೂರ್ತಿ 123 ಅಡಿ, ಬಿಸಿಲು ಇಳಿದ ಮೇಲೇ ಕಣ್ಣೆತ್ತಿ ನೋಡಲು ಆಗುವುದು. ಸೋಮವಾರ ಮಿರ್ಜಾನ ಕೋಟೆ, ಗೋಕರ್ಣ ನೋಡಿ ಕುಮಟಾದಲ್ಲಿ ರೈಲು ಹತ್ತಿ. ಶಿರಸಿಯನ್ನು ಮತ್ತೊಂದು ಸಲಕ್ಕೆ ಇಟ್ಟುಕೊಳ್ಳಿ, ಅದಕ್ಕೆ ಅದರದ್ದೇ ಮೂರು ದಿನ ಬೇಕು.

## ಆಟ, ಜಾತ್ರೆ, ವೇಷ, ಸಂಗೀತ

ಇವತ್ತು ಎಲ್ಲಿ ಆಟ ಇದೆ ಅಂತ ಗೊತ್ತಾಗೋದು ಹೇಗೆ? ಟಿಕೆಟ್ ಮೊದಲೇ ತಗೋಬೇಕಾ?

ಕನ್ನಡ ಪತ್ರಿಕೆಗಳ ಕರಾವಳಿ ಪುಟದಲ್ಲಿ ‘ಇಂದಿನ ಆಟ’ ಎಂಬ ಸಣ್ಣ ಕಾಲಂ ಬರುತ್ತದೆ. ಮೇಳದ ಹೆಸರು, ಊರು ಅಷ್ಟೇ ಇರುತ್ತದೆ, ಅಷ್ಟು ಸಾಕು. ಆ ಊರಿನ ಹೋಟೆಲಿನಲ್ಲಿ ಚಾ ಕುಡಿಯುತ್ತಾ ಕೇಳಿದರೆ ಪ್ರಸಂಗ (ಆ ರಾತ್ರಿಯ ಕತೆ) ಯಾವುದು, ಯಾರ ಗದ್ದೆಯಲ್ಲಿ, ಹಾಡಲು ಬರುವ ಅತಿಥಿ ಭಾಗವತರು ಯಾರು, ಎಲ್ಲ ತಿಳಿಯುತ್ತದೆ. ಧ್ವನಿವರ್ಧಕ ಕಟ್ಟಿಕೊಂಡ ರಿಕ್ಷಾ ಮಧ್ಯಾಹ್ನದಿಂದಲೇ ಕೂಗಿಕೊಂಡು ತಿರುಗುತ್ತಿರುತ್ತದೆ.

ಹರಕೆ ಆಟ ಪುಕ್ಕಟೆ. ಯಾರೋ ಹೇಳಿಕೊಂಡ ಹರಕೆಗೆ ಊರಿಗೆಲ್ಲ ಆಟ. ನೀವು ಕರೆಯದೆ ಹೋದರೂ ಯಾರೂ ಏನೂ ಅನ್ನುವುದಿಲ್ಲ. ಎಷ್ಟೋ ಕಡೆ ಊಟಕ್ಕೂ ಕೂರಿಸುತ್ತಾರೆ. ಟೆಂಟಿನ ಆಟಕ್ಕೆ ಟಿಕೆಟ್ ಉಂಟು, ಗೇಟಿನಲ್ಲೇ ಸಿಗುತ್ತದೆ. ಹೆಸರುವಾಸಿ ಜೋಡಿಯ ಆಟವಾದರೆ ಮುಂದಿನ ಕುರ್ಚಿಗಳ ಟಿಕೆಟ್ ಸಂಘಟಕರ ಅಂಗಡಿಯಲ್ಲೇ ಖಾಲಿಯಾಗಿರುತ್ತದೆ. ಅವರ ನಂಬರ್ ಬ್ಯಾನರಿನ ಕೆಳತುದಿಯಲ್ಲಿರುತ್ತದೆ.

ಹೊನ್ನಾವರದಿಂದ ಭಟ್ಕಳದ ಕಡೆ ಹೋಗುವ ಹೆದ್ದಾರಿಯಲ್ಲೇ ಗುಣವಂತೆ ಸಿಗುತ್ತದೆ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಇಡಗುಂಜಿ ಮೇಳದ ನೆಲೆ ಅದು. ಅಲ್ಲಿ ನಾಟ್ಯೋತ್ಸವ ನಡೆಯುವ ದಿನಗಳಲ್ಲಿ ಬಂದರೆ ಯಕ್ಷಗಾನದ ಜೊತೆ ಬೇರೆ ಕಡೆಯ ನೃತ್ಯ, ನಾಟಕವನ್ನೂ ಒಂದೇ ವೇದಿಕೆಯಲ್ಲಿ ನೋಡಬಹುದು. ಮೊದಲ ಸಲ ನೋಡುವವರಿಗೆ ಇದಕ್ಕಿಂತ ಒಳ್ಳೆಯ ಬಾಗಿಲು ಇಲ್ಲ.

ಇಡೀ ರಾತ್ರಿ ಕೂರಲೇಬೇಕಾ? ನಮ್ಗೆ ಕತೆ ಅರ್ಥ ಆಗ್ತದೋ ಇಲ್ವೋ?

ಕಾಲಮಿತಿಯ ಆಟವಾದರೆ ಮಧ್ಯರಾತ್ರಿಯ ಸುಮಾರಿಗೆ ಮುಗಿಯುತ್ತದೆ, ಅದರಿಂದ ಶುರು ಮಾಡಿ. ಪ್ರಸಂಗದ ಕತೆಯನ್ನು ಮೊದಲೇ ಹತ್ತು ನಿಮಿಷ ಓದಿಕೊಂಡು ಬನ್ನಿ. ಭಾಗವತರು ಪದ್ಯ ಎತ್ತುತ್ತಾರೆ, ವೇಷಧಾರಿ ಅದಕ್ಕೆ ಕುಣಿಯುತ್ತಾನೆ, ಆಮೇಲೆ ಆ ಪದ್ಯದ ಅರ್ಥವನ್ನೇ ಮಾತಿನಲ್ಲಿ ಬಿಡಿಸುತ್ತಾನೆ. ಪದ್ಯ ತಿಳಿಯದಿದ್ದರೆ ಗಾಬರಿ ಬೇಡ, ಮಾತು ಬರುವವರೆಗೆ ಕಾಯಿರಿ. ಆ ಮಾತು ಯಾರೂ ಬರೆದುಕೊಟ್ಟದ್ದಲ್ಲ. ಎದುರು ಪಾತ್ರಧಾರಿ ಏನು ಹೇಳಿದನೋ ಅದಕ್ಕೆ ಅಲ್ಲೇ ಹುಟ್ಟುವ ಉತ್ತರ.

ಡಿಸೆಂಬರ್, ಜನವರಿಯಲ್ಲಿ ಎರಡು ಗಂಟೆಯ ನಂತರ ಇಬ್ಬನಿ ಬೀಳುತ್ತದೆ, ಪ್ಲಾಸ್ಟಿಕ್ ಕುರ್ಚಿ ಒದ್ದೆಯಾಗುತ್ತದೆ. ತಲೆಗೊಂದು ಮಫ್ಲರ್, ಕೂರಲು ದಪ್ಪ ಟವೆಲ್, ಹೊದೆಯಲು ಶಾಲು ತನ್ನಿ. ಮಕ್ಕಳನ್ನು ಧ್ವನಿವರ್ಧಕದ ಎದುರು ಕೂರಿಸಬೇಡಿ. ಚಂಡೆ ಏರಿದಾಗ ನಿದ್ದೆಯಿಂದ ಬೆಚ್ಚಿ ಅಳುತ್ತವೆ.

ಚೌಕಿಗೆ ಹೋಗಿ ವೇಷ ಕಟ್ಟೋದು ನೋಡಬಹುದಾ?

ನೋಡಬಹುದು, ನೋಡಲೇಬೇಕು. ಚೌಕಿ ಅಂದರೆ ಕಲಾವಿದರು ಬಣ್ಣ ಹಚ್ಚಿ ವೇಷ ಕಟ್ಟುವ ಜಾಗ. ಆಟ ಶುರುವಾಗುವ ಎರಡು ಗಂಟೆ ಮುಂಚೆ ಹೋಗಿ. ಬಾಗಿಲಲ್ಲಿ ಚಪ್ಪಲಿ ಬಿಡಿ, ಒಳಗೆ ಗಣಪತಿ ಪೂಜೆ ಇರುತ್ತದೆ. ಕಲಾವಿದರು ತಮ್ಮ ಪೆಟ್ಟಿಗೆಯ ಮುಂದೆ ಚಕ್ಕಳಮಕ್ಕಳ ಕೂತು, ಒಂದು ಕೈಯಲ್ಲಿ ಕನ್ನಡಿ, ಇನ್ನೊಂದರಲ್ಲಿ ಕಡ್ಡಿ ಹಿಡಿದು ಹುಬ್ಬು ಬರೆದುಕೊಳ್ಳುತ್ತಿರುತ್ತಾರೆ. ಬಡಗುತಿಟ್ಟಿನ, ಅಂದರೆ ಇಲ್ಲಿಯ ಬಡಗು ಶೈಲಿಯ ಯಕ್ಷಗಾನದ, ಮುಂಡಾಸು ಟೊಪ್ಪಿಯ ಹಾಗೆ ಸಿದ್ಧವಾಗಿ ಸಿಗುವುದಿಲ್ಲ. ಬಟ್ಟೆ ಸುತ್ತಿ ಸುತ್ತಿ, ಮೇಲೆ ಜರಿಪಟ್ಟಿ ಬಿಗಿದು, ಪ್ರತಿ ರಾತ್ರಿ ಹೊಸದಾಗಿ ತಲೆಯ ಮೇಲೇ ಕಟ್ಟಬೇಕು. ಹಿಂದೆ ನಿಂತು ಎಳೆದು ಕಟ್ಟುವವನ ಕೈ ಒಂದಿಷ್ಟು ಸಡಿಲಾದರೂ ಕುಣಿಯುವಾಗ ವಾಲುತ್ತದೆ.

ಫೋಟೊ ತೆಗೆಯುವ ಮುಂಚೆ ಕೇಳಿ. ಫ್ಲ್ಯಾಶ್ ಬೇಡ. ಕಿರೀಟ, ಆಭರಣ ಮುಟ್ಟಬೇಡಿ. ವೇಷ ಪೂರ್ತಿಯಾದ ಮೇಲೆ ಮಾತಾಡಿಸದಿರುವುದು ಒಳ್ಳೆಯದು, ಆಗ ಅವರು ಮಾತು ಹೊಂದಿಸಿಕೊಳ್ಳುತ್ತಿರುತ್ತಾರೆ.

ಶಿರಸಿ ಜಾತ್ರೆಗೆ ಯಾವ ದಿನ ಬಂದ್ರೆ ಛಲೋ?

ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, ಸಮಸಂಖ್ಯೆಯ ವರ್ಷಗಳಲ್ಲಿ. 2024ರಲ್ಲಿ ಮಾರ್ಚ್ 19ರಿಂದ 27ರವರೆಗೆ ನಡೆಯಿತು. ವಾರದ ಲೆಕ್ಕ ಪ್ರತಿ ಸಲ ಒಂದೇ: ಮಂಗಳವಾರ ರಾತ್ರಿ ದೇವಿಯ ಕಲ್ಯಾಣ, ಬುಧವಾರ ಬೆಳಿಗ್ಗೆ ರಥದಲ್ಲಿ ಬಿಡಕಿ ಬಯಲಿಗೆ ಮೆರವಣಿಗೆ, ಗುರುವಾರದಿಂದ ಗದ್ದುಗೆಯಲ್ಲಿ ಸೇವೆ, ಮುಂದಿನ ಬುಧವಾರ ಸಮಾಪ್ತಿ.

ತೇರು ನೋಡಬೇಕೆಂದರೆ ಮಂಗಳವಾರವೇ ಊರು ಸೇರಿ, ಬುಧವಾರ ಬೆಳಿಗ್ಗೆ ವಾಹನ ಒಳಗೆ ಬಿಡುವುದಿಲ್ಲ. ಅಂಗಡಿ, ತೊಟ್ಟಿಲು, ನಾಟಕ ಕಂಪನಿ ನೋಡುವ ಆಸೆಯಿದ್ದರೆ ತೇರು ಕಳೆದ ಮುಂದಿನ ಸೋಮವಾರ, ಮಂಗಳವಾರ ಬನ್ನಿ. ಶನಿವಾರ, ಭಾನುವಾರ ಕಾಲಿಡಲು ಜಾಗವಿರುವುದಿಲ್ಲ. ಹಣ್ಣುಕಾಯಿ ಸರದಿ ಬೆಳಗಿನ ಜಾವ ಸಣ್ಣದಿರುತ್ತದೆ, ಹತ್ತು ಗಂಟೆಯ ಮೇಲೆ ಬಿಸಿಲಲ್ಲಿ ತಾಸುಗಟ್ಟಲೆ ನಿಲ್ಲಬೇಕು. ಶಿರಸಿಯಲ್ಲಿ ರೂಮು ಸಿಗದಿದ್ದರೆ ಸಿದ್ದಾಪುರ, ಯಲ್ಲಾಪುರದಲ್ಲಿ ನೋಡಿ. ಬನವಾಸಿಯೂ 25 ಕಿ.ಮೀ. ಒಳಗೇ ಇದೆ, ಮರುದಿನ ಮಧುಕೇಶ್ವರ ದೇವಸ್ಥಾನ ನೋಡಿದಂತೆಯೂ ಆಯಿತು.

ಇನ್ನೊಂದು ಮಾತು. ಜಾತ್ರೆ ಮುಗಿದ ಮೇಲೆ ಯುಗಾದಿಯವರೆಗೆ ಗುಡಿಯಲ್ಲಿ ದೇವಿಯ ಮೂರ್ತಿ ಇರುವುದಿಲ್ಲ, ಯುಗಾದಿಗೆ ಮರುಪ್ರತಿಷ್ಠೆ. ‘ರಶ್ ಕಮ್ಮಿಯಾದ ಮೇಲೆ ಹೋಗೋಣ’ ಅಂತ ದೂರದಿಂದ ಬಂದು ಬೇಜಾರು ಮಾಡಿಕೊಂಡು ಹೋಗುವವರು ಪ್ರತಿ ಜಾತ್ರೆಯಲ್ಲೂ ಇದ್ದೇ ಇರುತ್ತಾರೆ.

ಬೇಡರ ವೇಷ ಈ ವರ್ಷ ಇದ್ಯಾ?

ಜಾತ್ರೆ ಇಲ್ಲದ ವರ್ಷ ಬೇಡರ ವೇಷ. 2023ರಲ್ಲಿ, 2025ರಲ್ಲಿ ಆಯಿತು, ಅದೇ ಲೆಕ್ಕದಲ್ಲಿ ಮುಂದಿನದು 2027. ಹೋಳಿಗೆ ಮುಂಚಿನ ನಾಲ್ಕೈದು ರಾತ್ರಿ ಶಿರಸಿಯ ಬೀದಿಗಳಲ್ಲೇ ನಡೆಯುತ್ತದೆ, ಟಿಕೆಟ್ ಇಲ್ಲ, ವೇದಿಕೆಯೂ ಇಲ್ಲ. ನವಿಲುಗರಿ ಬೆನ್ನಿಗೆ ಹರಡಿ, ಕೈಯಲ್ಲಿ ಕತ್ತಿ ಹಿಡಿದ ಬೇಡ. ಸೊಂಟಕ್ಕೆ ಕಟ್ಟಿದ ಹಗ್ಗವನ್ನು ಇಬ್ಬರು ಹಿಂದಿನಿಂದ ಜಗ್ಗಿ ಹಿಡಿದಿರುತ್ತಾರೆ. ಒಂದೊಂದು ಕೇರಿಯಿಂದ ಒಂದೊಂದು ವೇಷ ಹೊರಡುತ್ತದೆ. ದಾರಿಯಲ್ಲಿ ಅಲ್ಲಲ್ಲಿ ನಿಂತು ಬೆಂಕಿ ಹಾಕಿ ತಮಟೆಯ ಚರ್ಮ ಕಾಯಿಸುತ್ತಾರೆ. ತಂಪಿಗೆ ಚರ್ಮ ಸಡಿಲಾದರೆ ನಾದ ಕುಗ್ಗುತ್ತದೆ. ಹಾಗೆ ಕಾಯಿಸಿದ ಕೂಡಲೇ ಬರುವ ಕುಣಿತವೇ ಎಲ್ಲಕ್ಕಿಂತ ಬಿರುಸು. ಬೆಂಕಿ ಕಂಡಲ್ಲಿ ನಿಂತುಕೊಳ್ಳಿ.

ವೇಷಕ್ಕೂ ನಿಮಗೂ ಹತ್ತು ಹೆಜ್ಜೆ ಅಂತರ ಇರಲಿ. ಹಗ್ಗ ಹಿಡಿದವರು ಒಮ್ಮೆಗೇ ಹಿಂದೆ ಜಗ್ಗುತ್ತಾರೆ, ಮೊಬೈಲ್ ಹಿಡಿದು ಹಿಂದಿದ್ದವರು ಅಲ್ಲೇ ಬೀಳುತ್ತಾರೆ.

ಕೂರ್ಮಗಡಕ್ಕೆ ದೋಣಿಯಲ್ಲಿ ಹೋಗೋದು ಸುರಕ್ಷಿತವಾ?

ಎಚ್ಚರ ಇದ್ದರೆ ಮಾತ್ರ. 2019ರ ಜನವರಿ 21ರಂದು ಈ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ತೀರಿಕೊಂಡರು. ಆ ದಿನವನ್ನು ಕಾರವಾರದವರು ಮರೆತಿಲ್ಲ, ಬರುವವರೂ ಮರೆಯಬಾರದು. ಲೈಫ್ ಜಾಕೆಟ್ ಕೊಡದ ದೋಣಿ ಹತ್ತಬೇಡಿ. ಕೊಟ್ಟದ್ದನ್ನು ತೊಡೆಯ ಮೇಲೆ ಇಟ್ಟುಕೊಳ್ಳದೆ ತೊಟ್ಟು ಗುಂಡಿ ಹಾಕಿ. ಬೆಳಿಗ್ಗೆ ಬೇಗ ಹೋಗಿ, ಗಾಳಿ ಏಳುವ ಮುನ್ನ, ಮಧ್ಯಾಹ್ನದೊಳಗೆ ವಾಪಸಾಗಿ. ದಡ ಹತ್ತಿರ ಬಂದಾಗ, ಸೆಲ್ಫಿಗೆ ಅಂತ ಎಲ್ಲರೂ ಒಂದೇ ಬದಿಗೆ ವಾಲುವುದು ಎಲ್ಲಕ್ಕಿಂತ ಅಪಾಯ. ದೋಣಿ ತುಂಬಿದೆ ಅನ್ನಿಸಿದರೆ ಇಳಿದುಬಿಡಿ, ಇನ್ನೊಂದು ಬರುತ್ತದೆ.

ಶಾಸ್ತ್ರೀಯ ಸಂಗೀತ ಕೇಳೋಕೆ ಎಲ್ಲಿಗೆ ಬರಬೇಕು?

ಶಿರಸಿ, ಸಿದ್ದಾಪುರ, ಯಲ್ಲಾಪುರ, ಹೊನ್ನಾವರ. ಧಾರವಾಡದ ನೆರೆಯಾದ್ದರಿಂದ ಇಲ್ಲಿ ಹಿಂದುಸ್ತಾನಿಗೆ ಒಳ್ಳೆಯ ಕಿವಿಯಿದೆ. ಬೈಠಕ್‌ಗಳು ಮಠದ ಅಂಗಳ, ಶಾಲೆ, ಸಭಾಭವನದಲ್ಲಿ ನಡೆಯುತ್ತವೆ. ಶಿರಸಿಯಲ್ಲಾದರೆ ಟಿ.ಎಂ.ಎಸ್. ಸಭಾಭವನದ ಗೇಟಿಗೆ ಕಟ್ಟಿದ ಬ್ಯಾನರ್ ನೋಡಿದರೆ ಆ ವಾರದ್ದು ತಿಳಿಯುತ್ತದೆ. ಹೆಚ್ಚಿನವಕ್ಕೆ ಪ್ರವೇಶ ಉಚಿತ. ನಡುವೆ ಎದ್ದು ಹೋಗುವುದಾದರೆ ರಾಗ ಮುಗಿದ ಮೇಲೆ ಏಳಿ.

ಉತ್ಸವಗಳ ಸಿನಿಮಾ ಗಾಯಕರ ಕಾರ್ಯಕ್ರಮ ಬೇರೆಯೇ. ಕಾರವಾರದಲ್ಲಿ ರವೀಂದ್ರನಾಥ ಟಾಗೋರ್ ಕಡಲತೀರದ ಮಯೂರವರ್ಮ ವೇದಿಕೆಯಲ್ಲಿ ಆಗುತ್ತದೆ. ಸ್ಥಳೀಯ ತಂಡಗಳು, ಭಾಷಣ ಎಲ್ಲ ಮುಗಿದು ಮುಖ್ಯ ಗಾಯಕರು ಬರುವಾಗ ಒಂಬತ್ತೂವರೆ, ಹತ್ತು ಆಗಿರುತ್ತದೆ. ಆರಕ್ಕೇ ಹೋಗಿ ಸುಸ್ತಾಗಬೇಡಿ. ಸಂಜೆ ಹತ್ತಿರದ ಚಾಪಲ್ ಯುದ್ಧನೌಕೆ ಮ್ಯೂಸಿಯಂ ನೋಡಿ, ಬಂಗುಡೆ ಊಟ ಮುಗಿಸಿ ಹೋಗಿ.

## ಪಂದ್ಯಗಳು

ಕಬಡ್ಡಿ ಬ್ಯಾನರಲ್ಲಿ ಸಂಜೆ 6 ಅಂತ ಇರ್ತದೆ. 9 ಆದ್ರೂ ಶುರು ಆಗೂದಿಲ್ಲ, ಯಾಕೆ?

ತಂಡಗಳು ದೂರದಿಂದ ಬರಬೇಕು, ಆಮೇಲೆ ಚೀಟಿ ಎತ್ತಬೇಕು. ತೂಕದ ವಿಭಾಗವಿದ್ದರೆ ಒಬ್ಬೊಬ್ಬರನ್ನೂ ತೂಗಬೇಕು, ಅಲ್ಲೇ ಅರ್ಧ ತಕರಾರು. ಆಮೇಲೆ ಸಭಾ ಕಾರ್ಯಕ್ರಮ, ಸನ್ಮಾನ. ಒಂಬತ್ತಕ್ಕೆ ಊಟ ಮಾಡಿಯೇ ಹೋಗಿ. ನಿಯಮದ ಪ್ರಕಾರ ಪುರುಷರ ಪಂದ್ಯ 20 ನಿಮಿಷದ ಎರಡು ಅವಧಿ. ಊರಿನ ಪಂದ್ಯಾವಳಿಯಲ್ಲಿ ತಂಡ ಜಾಸ್ತಿಯಾದ್ದರಿಂದ ಮೊದಲ ಸುತ್ತುಗಳನ್ನು ಮೊಟಕು ಮಾಡುತ್ತಾರೆ. ಫೈನಲ್ ಬೆಳಗಿನ ಜಾವಕ್ಕೆ. ಆ ಹೊತ್ತಿಗೆ ಆಟಗಾರರ ಕಾಲು ಸೋತಿರುತ್ತದೆ. ನಿಜವಾದ ಆಟ ಇರುವುದು ಸೆಮಿಫೈನಲ್‌ನಲ್ಲಿ. ಅದನ್ನು ತಪ್ಪಿಸಬೇಡಿ.

ಕೂರುವುದಾದರೆ ಅಂಕಣದ ಉದ್ದಕ್ಕೆ, ಬೋನಸ್ ಗೆರೆಯ ನೇರಕ್ಕೆ. ರೈಡರ್ ಕಾಲು ಗೆರೆ ದಾಟಿತೋ ಇಲ್ಲವೋ ಎಂಬ ಜಗಳವೇ ಅರ್ಧ ಪಂದ್ಯ, ಅದು ಅಲ್ಲಿಂದ ಮಾತ್ರ ಕಾಣುತ್ತದೆ.

ಕಾರವಾರದಲ್ಲಿ ಉಳಿದು ಗೋವಾದಲ್ಲಿ ಫುಟ್‌ಬಾಲ್ ನೋಡಿ ಬರಬಹುದಾ?

ಬರಬಹುದು. ಎಫ್‌ಸಿ ಗೋವಾ ತಂಡದ ತವರು ಮೈದಾನ ಮಡಗಾಂವ್‌ನ ಫಾತೋರ್ಡ. ಕಾರವಾರದಿಂದ ಸುಮಾರು 70 ಕಿ.ಮೀ., ನಡುವೆ ಕಾಣಕೋಣ ದಾಟಿದ ಮೇಲೆ ಕರ್ಮಲ್ ಘಾಟ್. ಗೋವಾ ಸರ್ಕಾರದ ಕದಂಬ ಬಸ್ಸುಗಳೂ ಇವೆ, ಮಂಗಳೂರು–ಮಡಗಾಂವ್ ವಂದೇ ಭಾರತ್ ಕೂಡ ಕಾರವಾರದಲ್ಲಿ ನಿಲ್ಲುತ್ತದೆ. ಹೋಗುವುದು ಕಷ್ಟವಲ್ಲ, ಬರುವುದೇ ಕಷ್ಟ. ಏಳೂವರೆಗೆ ಶುರುವಾದ ಪಂದ್ಯ ಮುಗಿಯುವಾಗ ಒಂಬತ್ತೂವರೆ, ಗೇಟು ದಾಟಿ ಹೊರಬರಲು ಇನ್ನರ್ಧ ತಾಸು. ಅಷ್ಟೊತ್ತಿಗೆ ಬಸ್ಸು ನಂಬಬೇಡಿ. ನಾಲ್ಕೈದು ಜನ ಸೇರಿ ಕಾರವಾರದಿಂದಲೇ ಹೋಗಿಬರುವ ಗಾಡಿ ಮಾಡಿಕೊಳ್ಳಿ, ಇಲ್ಲವೇ ಮಡಗಾಂವ್‌ನಲ್ಲೇ ಉಳಿದು ಬೆಳಿಗ್ಗೆ ರೈಲು ಹಿಡಿಯಿರಿ. ಟಿಕೆಟ್ ತೆಗೆಯುವ ಮುಂಚೆ ಆ ಋತುವಿನ ವೇಳಾಪಟ್ಟಿ ಖಚಿತಪಡಿಸಿಕೊಳ್ಳಿ. ಮರಳುವಾಗ ಗಾಡಿಯಲ್ಲಿ ಮದ್ಯದ ಬಾಟಲಿ ಇದ್ದರೆ ಮಾಜಾಳಿ ಚೆಕ್‌ಪೋಸ್ಟಿನಲ್ಲಿ ಇಡೀ ಗಾಡಿಯವರು ಕಷ್ಟಕ್ಕೆ ಬೀಳುತ್ತೀರಿ.

ಕುಸ್ತಿ, ಕ್ರಿಕೆಟ್ ಏನಾದ್ರೂ ಹತ್ತಿರ ಇದ್ಯಾ?

ಕುಸ್ತಿಗೆ ಹಳಿಯಾಳ. ಮಣ್ಣಿನ ಅಖಾಡದ ಸಂಪ್ರದಾಯ ಅಲ್ಲಿ ಇನ್ನೂ ಗಟ್ಟಿಯಾಗಿದೆ, ಜಾತ್ರೆ ಹೊತ್ತಿಗೆ ಜೋಡಿ ಕಟ್ಟುತ್ತಾರೆ. ನಿಕಾಲಿ ಕುಸ್ತಿ ಅಂದರೆ ಒಬ್ಬ ಚಿತ್ ಆಗುವವರೆಗೆ ಬಿಡುವುದಿಲ್ಲ. ಕ್ರಿಕೆಟ್‌ಗೆ ಹುಬ್ಬಳ್ಳಿಯ ರಾಜನಗರ ಮೈದಾನ, ಶಿರಸಿಯಿಂದ ಸುಮಾರು 100 ಕಿ.ಮೀ. ರಣಜಿ ಪಂದ್ಯ ಸಿಕ್ಕಿದರೆ ನಾಲ್ಕು ದಿನದಲ್ಲಿ ಎರಡನೆಯ ದಿನ ಹೋಗಿ.

## ಮತ್ತೆ ಮತ್ತೆ ಬರುವವರ ಪ್ರಶ್ನೆಗಳು

ಮಳೆಗಾಲದಲ್ಲಿ ಬರಬಾರ್ದಾ?

ಬರಬಹುದು, ಕಾರ್ಯಕ್ರಮಕ್ಕೆ ಅಂತ ಬೇಡ. ಮಳೆಗಾಲದ ಆಟ, ತಾಳಮದ್ದಳೆ (ವೇಷ, ಕುಣಿತವಿಲ್ಲದೆ ಕೂತು ಮಾತಾಡುವ ಯಕ್ಷಗಾನ) ಸಭಾಭವನದೊಳಗೆ ಕೆಲವು ಇರುತ್ತವೆ, ಅಷ್ಟೇ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ಬಂದ್, ತಾಜಾ ಮೀನು ಕಡಿಮೆ. ಕೊಂಕಣ ರೈಲ್ವೆ ಮಳೆಗಾಲದ ಬೇರೆ ವೇಳಾಪಟ್ಟಿಯಲ್ಲಿ, ಕಡಿಮೆ ವೇಗದಲ್ಲಿ ಓಡುತ್ತದೆ. 2024ರ ಜುಲೈನಲ್ಲಿ ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೇ ಕುಸಿಯಿತು. ರೆಡ್ ಅಲರ್ಟ್ ಇದ್ದ ದಿನ ಘಟ್ಟವಾಗಲಿ, ಗುಡ್ಡದ ಬುಡದ ರಸ್ತೆಯಾಗಲಿ ಹಿಡಿಯಬೇಡಿ. ಜಲಪಾತ ನೋಡುವುದಾದರೆ ಅಕ್ಟೋಬರ್. ಉಂಚಳ್ಳಿಯಲ್ಲಿ ನೀರೂ ಇರುತ್ತದೆ, ಮಂಜು ಸರಿದು ಕಾಣಿಸುತ್ತದೆ ಕೂಡ.

ಅಜ್ಜ, ಅಜ್ಜಿ ಜೊತೆಗಿದ್ದಾರೆ. ಏನು ಬಿಡ್ಬೇಕು, ಏನು ಇಟ್ಕೋಬೇಕು?

ಜಾತ್ರೆಯ ಶನಿವಾರ–ಭಾನುವಾರ, ಬೇಡರ ವೇಷದ ನಡುರಾತ್ರಿ, ದೋಣಿ, ಯಾಣದ ಮೆಟ್ಟಿಲು ಬಿಡಿ. ಕಾಲಮಿತಿ ಆಟ, ಸಂಗೀತ, ಬನವಾಸಿ, ಸೋಂದಾ ಮಠ ಇಟ್ಟುಕೊಳ್ಳಿ. ಶೌಚಾಲಯ ಎಲ್ಲಿದೆ ಅಂತ ಬೆಳಕಿರುವಾಗಲೇ ನೋಡಿಟ್ಟುಕೊಳ್ಳಿ. ಗದ್ದೆಯ ಆಟದಲ್ಲಿ ಇದೇ ದೊಡ್ಡ ತೊಂದರೆ, ಹೆಂಗಸರಿಗಂತೂ ಇನ್ನೂ. ಹತ್ತಿರದ ಮನೆಯವರನ್ನು ಮೊದಲೇ ‘ಅಕ್ಕಾ, ರಾತ್ರಿ ಒಮ್ಮೆ ಬರ್ಲಕ್ಕಾ’ ಅಂತ ಕೇಳಿಟ್ಟರೆ ಬೇಡ ಅನ್ನುವವರು ಕಡಿಮೆ.

ಜನ ಅಷ್ಟಾಗಿ ಹೋಗದ, ಆದ್ರೆ ತಪ್ಪಿಸಬಾರದ ಒಂದು ಹೇಳಿ.

ಅಂಕೋಲೆಯ ಬಂಡಿ ಹಬ್ಬ. ಸೆಕೆ ಜೋರು, ಆದ್ದರಿಂದ ಹೊರಗಿನವರು ಬರುವುದಿಲ್ಲ. ಶಾಂತಾದುರ್ಗೆಯ ಈ ಹಬ್ಬಕ್ಕೆ ಊರು ಬಿಟ್ಟು ಹೋದ ಅಂಕೋಲೆಯವರೆಲ್ಲ ಮರಳುತ್ತಾರೆ. ಮಾವಿನ ಕಾಲವೂ ಅದೇ. 2023ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಕರಿ ಇಶಾಡು ಪೇಟೆಯಲ್ಲಿ ಬುಟ್ಟಿಯಲ್ಲಿ ಕೂತಿರುತ್ತದೆ. ಸಿಪ್ಪೆ ತೆಳು, ಬೇಗ ಕೆಡುತ್ತದೆ. ಅವತ್ತೇ ತಿನ್ನಲು ಹಣ್ಣಾದದ್ದು, ಊರಿಗೆ ಒಯ್ಯಲು ಗಟ್ಟಿಯಿರುವುದು ಅಂತ ಬೇರೆ ಬೇರೆ ಆರಿಸಿಕೊಡಲು ಮಾರುವ ಅಮ್ಮನಿಗೇ ಹೇಳಿ.

ಎಲ್ಲಾ ಬುಕ್ ಮಾಡಿದ ಮೇಲೆ ಕಾರ್ಯಕ್ರಮ ಮುಂದೆ ಹೋದ್ರೆ?

ಉತ್ಸವ ಮುಂದೆ ಹೋಗುತ್ತದೆ, ಚುನಾವಣೆ ನೀತಿಸಂಹಿತೆ ಬಂದರಂತೂ ಖಂಡಿತ. ಪಂದ್ಯಾವಳಿ ಮಳೆಗೆ ಮುಂದೆ ಹೋಗುತ್ತದೆ. ತಿಥಿಯ ಮೇಲೆ ನಿಂತ ಜಾತ್ರೆ, ಹಬ್ಬ ಹೋಗುವುದಿಲ್ಲ. ಆದ್ದರಿಂದ ಮೊದಲ ಎರಡಕ್ಕೆ ರದ್ದು ಮಾಡಬಹುದಾದ ರೂಮು ಹಿಡಿಯಿರಿ, ಹೊರಡುವ ಹಿಂದಿನ ಸಂಜೆ ಸಂಘಟಕರಿಗೆ ಫೋನ್ ಮಾಡಿ. ಬಂದ ಮೇಲೆ ರದ್ದಾಯಿತು ಅಂತ ಗೊತ್ತಾದರೆ ಆ ದಿನದ ಪತ್ರಿಕೆ ತೆಗೆದು ‘ಇಂದಿನ ಆಟ’ ನೋಡಿ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಮೂವತ್ತು ಕಿಲೋಮೀಟರ್ ಸುತ್ತಿನಲ್ಲಿ ಎಲ್ಲಾದರೂ ಒಂದು ಕಡೆ ಚಂಡೆ ಕೇಳುತ್ತಲೇ ಇರುತ್ತದೆ.